ಬಿಲ್ಲಿನಲ್ಲಿ ಇಲ್ಲದ ಬಾಬ್ತು

ಬಾಲಿಯ ನುಸಾ ದುವಾದ ಹೋಟೆಲಿನಲ್ಲಿ ಮೊದಲ ದಿನ ತಿಂಡಿಗೆ ಕೂತಾಗ ಅಪ್ಪಯ್ಯ ತಮ್ಮ ತಟ್ಟೆ ನೋಡುತ್ತಿರಲಿಲ್ಲ, ಬಡಿಸುವ ಹುಡುಗನ ಎಡಗೈ ನೋಡುತ್ತಿದ್ದರು. ಅವನು ಮೂರು ತಟ್ಟೆಗಳನ್ನು ಮೊಣಕೈವರೆಗೆ ಜೋಡಿಸಿಕೊಂಡು, ನಾಲ್ಕನೆಯದನ್ನು ಬೆರಳುಗಳ ನಡುವೆ ಸಿಕ್ಕಿಸಿಕೊಂಡು, ನಗುತ್ತಲೇ ಹೊರಟುಹೋದ. "ಒಳ್ಳೆ ಕೆಲಸಗಾರ" ಎಂದರು ಅಪ್ಪಯ್ಯ. ಆಮೇಲೆ ಕಡಲ ಕಡೆ ತಿರುಗಿ ಇನ್ನೊಂದು ಕಾಫಿ ತರಿಸಿಕೊಂಡರು.

ಅವರಿಗೆ ಎಪ್ಪತ್ತೊಂಬತ್ತು. 1961ರಲ್ಲಿ, ಹದಿನಾರನೆಯ ವಯಸ್ಸಿಗೆ, ಬ್ರಹ್ಮಾವರದ ಕಡೆಯ ಹಳ್ಳಿಯಿಂದ ಮುಂಬಯಿಗೆ ಬಂದು ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಮಾಣಿಯಾದವರು. ಹಗಲು ಟೇಬಲ್ ಒರೆಸಿ, ರಾತ್ರಿ ಕನ್ನಡ ಶಾಲೆಯಲ್ಲಿ ಕೂತು ಮೆಟ್ರಿಕ್ ಮುಗಿಸಿ, ಕೊನೆಗೆ ಬ್ಯಾಂಕಿನಲ್ಲಿ ಗುಮಾಸ್ತರಾದರು. ಈ ಕಥೆ ನಿಮ್ಮಲ್ಲಿ ಹಲವರ ಮನೆಯಲ್ಲೂ ಇದ್ದೀತು. ಮುಂಬಯಿ ಕನ್ನಡದ ಅರ್ಧ ಇತಿಹಾಸ ಇದೇ. ನಾನು ಪುಣೆಯಲ್ಲಿ ಸಾಫ್ಟ್‌ವೇರ್ ಕೆಲಸದವನು. ಜೀವನವಿಡೀ ಬಡಿಸಿದವರಿಗೆ ಒಮ್ಮೆಯಾದರೂ ಯಾರಾದರೂ ಬಡಿಸಲಿ ಎಂಬ ಆಸೆಯಿಂದಲೇ 2024ರ ದೀಪಾವಳಿ ರಜೆಗೆ ಹೆಂಡತಿ, ಮಗಳು, ಅಪ್ಪಯ್ಯನನ್ನು ಕಟ್ಟಿಕೊಂಡು ಈ ಐದು ದಿನದ ಪ್ರವಾಸಕ್ಕೆ ಹೊರಟಿದ್ದೆ. ವರ್ಷದ ಬೋನಸ್ಸಿನ ಬಹುಪಾಲು ಇದಕ್ಕೇ ಹೋಗಿತ್ತು.

ಆದರೆ ಬಡಿಸಿಕೊಳ್ಳಲು ಕಷ್ಟವಾದದ್ದು ಅವರಿಗಲ್ಲ, ನನಗೆ. ಈಜುಕೊಳದ ಪಕ್ಕದಲ್ಲಿ ಒಬ್ಬ ಹುಡುಗ ಮಂಡಿಯೂರಿ ನನ್ನ ಕಾಲ ಬಳಿ ಟವೆಲ್ ಹಾಸಲು ಬಂದಾಗ ಗಡಬಡಿಸಿ ಎದ್ದು ನಿಂತೆ. "ಎಂತಕ್ಕೆ ಏಳ್ತಿ ಮಾರಾಯ? ಅವನ ಕೆಲಸ ಅವ ಮಾಡಲಿ" ಎಂದರು ಅಪ್ಪಯ್ಯ. ನಾನು ಸಂಜೆ ಅದನ್ನೇ ಎತ್ತಿದೆ. ನಿಮ್ಮನ್ನು ಯಾರೋ "ಏ ಮಾಣಿ" ಎಂದು ಕರೆಯುತ್ತಿದ್ದರಲ್ಲ, ಹೆಸರೂ ಕೇಳದೆ. ಈಗ ನಾವೇ ಆ ಜಾಗದಲ್ಲಿ ಕೂತಿದ್ದೇವಲ್ಲ, ನಿಮಗೇನೂ ಅನ್ನಿಸುವುದಿಲ್ಲವೇ?

ಅವರು ಹೇಳಿದ್ದು ನಾನು ನಿರೀಕ್ಷಿಸಿದ್ದಲ್ಲ. ಮುಂಬಯಿಗೆ ಬರುವ ಮೊದಲು ಎರಡು ವರ್ಷ ಉಡುಪಿಯಲ್ಲಿ ವಾರಾನ್ನ ಉಂಡು ಓದಿದ್ದರಂತೆ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು. ಬ್ರಾಹ್ಮಣರ ಹುಡುಗ ಎಂಬ ಕಾರಣಕ್ಕೆ ಆ ಬಾಗಿಲಾದರೂ ತೆರೆದಿತ್ತು, ಉಳಿದವರಿಗೆ ಅದೂ ಇರಲಿಲ್ಲ ಎಂದು ಅವರೇ ಸೇರಿಸಿದರು. ಆ ಮನೆಗಳಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಎರಡನೆಯ ಸಲ ಅನ್ನ ಕೇಳುವ ಮೊದಲು ಒಡತಿಯ ಮುಖ ನೋಡಬೇಕು. ಬಾವಿಯಿಂದ ನಾಲ್ಕು ಕೊಡ ನೀರು ಸೇದಿ ಕೊಟ್ಟು ಬಂದರೂ ಎದುರು ಸಿಕ್ಕಾಗ ತಗ್ಗಿ ನಡೆಯಬೇಕು. "ಅಲ್ಲಿ ಬಿಲ್ ಇರಲಿಲ್ಲ. ಹಾಗಾಗಿ ಅದು ಮುಗಿಯುತ್ತಲೂ ಇರಲಿಲ್ಲ. ಹೋಟೆಲಿನಲ್ಲಿ ಗಿರಾಕಿ ಬೈದರೂ ದುಡ್ಡು ಇಟ್ಟು ಹೋಗ್ತಾನೆ. ಅಲ್ಲಿಗೆ ಅವನಿಗೂ ನನಗೂ ಲೆಕ್ಕ ಚುಕ್ತಾ."

ಋಣವೆಂಬುದನ್ನು ನಾವು ಬಹಳ ದೊಡ್ಡ ಮಾತಾಗಿ ಬಳಸುತ್ತೇವೆ. ಅನ್ನದ ಋಣ, ನೀರಿನ ಋಣ, ಮಣ್ಣಿನ ಋಣ. ತೀರಿಸಲಾಗದ ಋಣದಲ್ಲಿ ಬದುಕಿದವನಿಗೆ ಮಾತ್ರ ದುಡ್ಡು ಕೊಟ್ಟು ತೀರಿಸುವ ವ್ಯವಹಾರದ ಬಿಡುಗಡೆ ಗೊತ್ತು. ಸೇವೆಯನ್ನು ದುಡ್ಡಿಗೆ ಕೊಳ್ಳುವುದೇ ತಪ್ಪು ಎಂದು ಮುಜುಗರಪಟ್ಟ ನಾನು, ಆ ಹುಡುಗನ ಕೌಶಲವನ್ನು ನೋಡಲೇ ಇಲ್ಲ. ಅಪ್ಪಯ್ಯ ನೋಡಿದ್ದರು.

ಹಾಗಾದರೆ ಇಂಥ ಪ್ರವಾಸದಲ್ಲಿ ಯೋಚಿಸುವಂಥದ್ದು ಏನೂ ಇಲ್ಲವೇ? ಇದೆ. ಅದು ಮೂರನೆಯ ದಿನ ಗೊತ್ತಾಯಿತು.

ನುಸಾ ದುವಾ ತಾನಾಗಿ ಬೆಳೆದ ಊರಲ್ಲ. 1970ರ ದಶಕದಲ್ಲಿ ವಿಶ್ವಬ್ಯಾಂಕಿನ ಸಾಲದ ನೆರವಿನಿಂದ, ದ್ವೀಪದ ದಕ್ಷಿಣ ತುದಿಯ ಒಣಭೂಮಿಯಲ್ಲಿ ಯೋಜನೆ ಹಾಕಿ ಕಟ್ಟಿದ ಪ್ರವಾಸಿ ಆವರಣ. ಕೃಷಿಗೆ ಅಷ್ಟಾಗಿ ಒದಗದ ನೆಲ. ಪ್ರವಾಸಿಗರನ್ನು ಇಲ್ಲಿ ಇಟ್ಟರೆ ಒಳನಾಡಿನ ಬದುಕಿಗೆ ಕಡಿಮೆ ಪೆಟ್ಟು ಬೀಳುತ್ತದೆ ಎಂಬುದು ಲೆಕ್ಕಾಚಾರ. ಉಳಿದ ಬಾಲಿಯನ್ನು ನೋಡಲು ಬೆಳಗ್ಗೆ ಕಾರು ಹತ್ತಿ ಹೋಗಿ ಸಂಜೆ ಗೇಟಿನೊಳಗೆ ಮರಳಬೇಕು. ಒಳ್ಳೆಯ ಉದ್ದೇಶವೇ ಇರಬಹುದು. ಆದರೆ ಅದರಿಂದ ನಮ್ಮಂಥವರಿಗೆ ಒಂದು ಅಭ್ಯಾಸವಾಗುತ್ತದೆ: ಗೇಟಿನ ಒಳಗಿನದಕ್ಕೆ ಬೆಲೆಯಿದೆ, ಹೊರಗಿನದು ಬರೀ ನೋಟ.

ಎರಡನೆಯ ದಿನ ಉಲುವಾತುವಿಗೆ ಹೋದೆವು. ಕಡಲಿನ ಮೇಲೆ ಕಡಿದಾದ ಬಂಡೆಯ ಅಂಚಿನಲ್ಲಿ ದೇವಸ್ಥಾನ. ಅಲ್ಲಿನ ಕೋತಿಗಳು ಕನ್ನಡಕ ಕಸಿದು, ಹಣ್ಣು ಕೊಟ್ಟರೆ ಮಾತ್ರ ವಾಪಸು ಕೊಡುತ್ತವೆ. ಸೂರ್ಯಾಸ್ತಕ್ಕೆ ಕೆಚಕ್ ನೃತ್ಯ. ಗಂಡಸರ ದೊಡ್ಡ ಗುಂಪು ಸುತ್ತುಗಟ್ಟಿ ಕೂತು "ಚಕ್ ಚಕ್" ಎಂದು ಕೂಗುತ್ತ ರಾಮಾಯಣ ನಡೆಸುತ್ತದೆ. ಬಹಳ ಪುರಾತನ ಎಂದು ನಾನು ಮಗಳಿಗೆ ಹೇಳಿಬಿಟ್ಟಿದ್ದೆ. ನಿಜವೆಂದರೆ, ಸಂಘ್ಯಾಂಗ್ ಎಂಬ, ಮೈಮೇಲೆ ಬರುವ ವಿಧಿಯ ಕೂಗನ್ನು ತೆಗೆದುಕೊಂಡು ರಾಮಾಯಣಕ್ಕೆ ಹೊಂದಿಸಿ ಈ ರೂಪ ಕೊಟ್ಟದ್ದು 1930ರ ದಶಕದಲ್ಲಿ. ವಾಯನ್ ಲಿಂಬಕ್ ಎಂಬ ಅಲ್ಲಿನ ನರ್ತಕ ಮತ್ತು ವಾಲ್ಟರ್ ಸ್ಪೀಸ್ ಎಂಬ ಜರ್ಮನ್ ಚಿತ್ರಕಾರ ಸೇರಿ, ಹೊರಗಿನ ಪ್ರೇಕ್ಷಕರನ್ನೂ ಮನಸ್ಸಿನಲ್ಲಿಟ್ಟುಕೊಂಡು. ಇದು ತಿಳಿದು ನನಗೆ ಮೋಸ ಹೋದಂತೆನಿಸಿತು. ಅಪ್ಪಯ್ಯನಿಗೆ ಹಾಗೇನೂ ಅನ್ನಿಸಲಿಲ್ಲ. "ನಮ್ಮ ಡೇರೆ ಮೇಳದವರೂ ಟಿಕೆಟ್ ಇಟ್ಟರು. ಅದರಿಂದ ರಾವಣನ ವೇಷದ ಗತ್ತು ಏನೂ ಕಮ್ಮಿ ಆಗ್ಲಿಲ್ಲ." ಕುಣಿದವನು ಟಿಕೆಟ್ ಇಟ್ಟ, ನಾವು ಕೊಂಡೆವು. ಇಲ್ಲೂ ಲೆಕ್ಕ ಚುಕ್ತಾ.

ಮೂರನೆಯ ದಿನ ಉಬುದಿನ ಉತ್ತರಕ್ಕಿರುವ ತೆಗಲ್ಲಾಲಾಂಗ್. ಕಣಿವೆಯ ಎರಡೂ ಮಗ್ಗುಲಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆಗಳು. ಬಾಲಿಯಲ್ಲಿ ಇಂಥ ಗದ್ದೆಗಳ ಹಿಂದೆ ಸುಬಕ್ ಎಂಬ ವ್ಯವಸ್ಥೆ ಇದೆ. ಒಂದೇ ಕಾಲುವೆಯ ನೀರು ಕುಡಿಯುವ ಗದ್ದೆಯವರೆಲ್ಲ ಕಟ್ಟಿಕೊಂಡ ಸಂಘ, ಅದಕ್ಕೊಂದು ನೀರಿನ ದೇವಸ್ಥಾನ. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ, ಯಾವಾಗ ಗದ್ದೆ ಪಾಳು ಬಿಡುವುದು, ಎಲ್ಲವೂ ಅಲ್ಲಿ ಕೂಡಿ ತೀರ್ಮಾನವಾಗಬೇಕು. ಸಾವಿರ ವರ್ಷಕ್ಕೂ ಹಳೆಯದಾದ ಈ ಪದ್ಧತಿಯನ್ನು 1970ರ ದಶಕದಲ್ಲಿ ಸರ್ಕಾರ ಬದಿಗೊತ್ತಿ, ಹೊಸ ತಳಿಗಳನ್ನು ಬಿಡುವಿಲ್ಲದೆ ಬೆಳೆಯಿರಿ ಎಂದಾಗ ನೀರೂ ಸಾಲದೆ ಹೋಯಿತು, ಕೀಟವೂ ಹೆಚ್ಚಿತು. 2012ರಲ್ಲಿ ಯುನೆಸ್ಕೊ ಜತಿಲುವಿಹ್ ಮೊದಲಾದ ಕಡೆಯ ಸುಬಕ್ ಭೂಮಿಯನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂದರೆ ನಾವು ಫೋಟೊ ತೆಗೆಯುವ ಆ ಹಸಿರು, ನಿಸರ್ಗದ ಕೊಡುಗೆಯಲ್ಲ. ದಿನದಿನದ ದುಡಿಮೆ ಮತ್ತು ನೆರೆಯವರ ಜೊತೆಗಿನ ಮುಗಿಯದ ಮಾತುಕತೆ.

ಮಂಡಿನೋವಿನ ಅಪ್ಪಯ್ಯ ಮೇಲೆಯೇ ಕೂತರು. ನಾವು ಮೂವರೂ ಟಿಕೆಟ್ ಕೊಂಡು ಇಳಿದೆವು. ಕಣಿವೆಯ ಮೇಲೆ ಹಾರುವ ಉಯ್ಯಾಲೆಯಲ್ಲಿ ಮಗಳು ಕೂತಳು. ಎರಡು ಲಕ್ಷ ರೂಪಾಯ್, ನಮ್ಮ ಲೆಕ್ಕದಲ್ಲಿ ಸಾವಿರ ಚಿಲ್ಲರೆ. ಬೋರ್ಡಿನಲ್ಲಿ ಬರೆದಿತ್ತು, ಕೊಟ್ಟೆ. ಕೆಳಗೆ ಒಂದು ಸಣ್ಣ ಬಿದಿರಿನ ಸೇತುವೆಯ ಬಳಿ ಮುದುಕರೊಬ್ಬರು ಪೆಟ್ಟಿಗೆಯೊಂದನ್ನು ಇಟ್ಟುಕೊಂಡು ಕೂತಿದ್ದರು. "ಡೊನೇಷನ್, ಹತ್ತು ಸಾವಿರ" ಎಂದರು. ಐವತ್ತು ರೂಪಾಯಿ ಚಿಲ್ಲರೆ. ಮುಂದಿನ ಗದ್ದೆ ಅವರದಂತೆ. ನನಗೆ ಸಿಟ್ಟು ಬಂತು. ಮೇಲೆ ಟಿಕೆಟ್ ಕೊಂಡಿದ್ದೇವಲ್ಲ, ಹೆಜ್ಜೆಗೊಬ್ಬರು ಕೈಯೊಡ್ಡಿದರೆ ಹೇಗೆ? ಮಗಳ ಎದುರಿಗೇ ಸ್ವಲ್ಪ ಗಟ್ಟಿಯಾಗಿ "ಇಲ್ಲ" ಎಂದು ತಿರುಗಿ ಬಂದೆ. ಅವರು ಜಗಳವಾಡಲಿಲ್ಲ. ಟೊಪ್ಪಿ ಸರಿಮಾಡಿಕೊಂಡು ಬೇರೆ ಕಡೆ ನೋಡಿದರು.

ಮೇಲೆ ಬಂದು, ಮೋಸ ಹೋಗದೆ ಬಂದವನ ಹೆಮ್ಮೆಯಿಂದ ಅಪ್ಪಯ್ಯನಿಗೆ ಇದನ್ನು ಹೇಳಿದೆ. ಅವರು ಅಷ್ಟು ಹೊತ್ತೂ ಕೂತು ಗದ್ದೆಯ ಅಂಚುಗಳನ್ನೇ ನೋಡುತ್ತಿದ್ದರು. "ಅಲ್ಲಿ ನೋಡು, ಜನ ಮೆಟ್ಟಿ ಮೆಟ್ಟಿ ಅಂಚು ಕುಸಿದಿದೆ. ಅಂಚು ಹೋದ್ರೆ ನೀರು ನಿಲ್ಲೂದಿಲ್ಲ. ಅದನ್ನು ಕಟ್ಟುವವ ಯಾರು?" ಎಂದರು. ಸ್ವಲ್ಪ ಬಿಟ್ಟು, "ಹೋಟೆಲಿನ ಬಿಲ್ಲಲ್ಲಿ ಹಾಕಿದ್ರೆ ಸುಮ್ನೆ ಕೊಡ್ತಿದ್ದಿ, ಅಲ್ವಾ?"

ಕೊಡುತ್ತಿದ್ದೆ. ಹೋಟೆಲಿನ ಬಿಲ್ಲಿನಲ್ಲಿ ಸೇವಾಶುಲ್ಕ, ತೆರಿಗೆ ಎಂದು ಬರೆದದ್ದನ್ನು ಒಂದು ಮಾತಿಲ್ಲದೆ ಕೊಟ್ಟಿದ್ದೇನೆ. ವಿದೇಶಿ ಪ್ರವಾಸಿಗರಿಗೆ 2024ರ ಫೆಬ್ರವರಿಯಿಂದ ಬಾಲಿ ಹಾಕಿರುವ 1,50,000 ರೂಪಾಯ್ ಶುಲ್ಕವನ್ನೂ ಪುಣೆಯಲ್ಲಿ ಕೂತೇ ಆನ್‌ಲೈನಿನಲ್ಲಿ ಕಟ್ಟಿದ್ದೆ. ಅಚ್ಚಾದ ಮೊತ್ತವನ್ನು ನಾನು ನಂಬುತ್ತೇನೆ. ಯಾರ ಅಂಚಿನ ಮೇಲೆ ಕಾಲಿಟ್ಟು ನಡೆದೆನೋ ಅವರೇ ಎದುರು ಕೂತು ಕೇಳಿದರೆ ಅದು ಭಿಕ್ಷೆಯಂತೆ, ಇಲ್ಲವೇ ಸುಲಿಗೆಯಂತೆ ಕಾಣುತ್ತದೆ.

ಅಪ್ಪಯ್ಯನ ಮಾತು ಸರಿ: ದುಡ್ಡು ಕೊಟ್ಟರೆ ಲೆಕ್ಕ ಮುಗಿಯುತ್ತದೆ. ಆದರೆ ಮುಗಿಯುವುದು ಬಿಲ್ಲಿನಲ್ಲಿ ಇರುವ ಲೆಕ್ಕ. ಐಷಾರಾಮಿ ಪ್ರವಾಸದ ಬಿಲ್ ಉದ್ದವಾಗಿರುವುದರಿಂದ ಎಲ್ಲವೂ ಅದರಲ್ಲಿ ಸೇರಿದೆ ಎಂಬ ಭ್ರಮೆ ಹುಟ್ಟುತ್ತದೆ. ನಾವು ಹೋಗುವುದೇ ಬಿಲ್ಲಿನಲ್ಲಿ ಇಲ್ಲದ್ದಕ್ಕಾಗಿ. ಹಾಸಿಗೆ, ಈಜುಕೊಳ ಪುಣೆಯಲ್ಲೂ ಸಿಗುತ್ತವೆ. ಬೆಳಗ್ಗೆ ಅಂಗಡಿ ಬಾಗಿಲಲ್ಲಿ ಹೆಂಗಸರು ಇಡುವ ತೆಂಗಿನಗರಿಯ ಪುಟ್ಟ ಹೂಬುಟ್ಟಿ, ಸುಬಕ್‌ನ ನೀರು, ಗದ್ದೆಯ ಅಂಚು, ಇವು ಸಿಗುವುದಿಲ್ಲ. ಅವುಗಳಿಗಾಗಿ ಹೋಗಿ, ಅವುಗಳನ್ನು ಉಳಿಸಿಕೊಂಡವರಿಗೆ ಬಿಟ್ಟು ಉಳಿದ ಎಲ್ಲರಿಗೂ ದುಡ್ಡು ಕೊಟ್ಟು ಬರುತ್ತೇವೆ.

ಹಾಗಾದರೆ ಹೋಗಲೇಬಾರದೇ? ಅದು ಸುಲಭದ ಉತ್ತರ. ಕೋವಿಡ್ ಕಾಲದಲ್ಲಿ ಬಾಲಿಗೆ ಪ್ರವಾಸಿಗರೇ ಬರದಿದ್ದಾಗ ಲೆಂಬೊಂಗಾನ್ ದ್ವೀಪದವರು ಮತ್ತೆ ಕಡಲಪಾಚಿ ಬೆಳೆಯಲು ಇಳಿದರು. ಕೈಬಿಟ್ಟ ಕಸುಬು ಆಪತ್ತಿಗೆ ಒದಗಿತು ನಿಜ, ಆದರೆ ಕೆಲಸ ಕಳೆದುಕೊಂಡ ಮನೆಗಳಿಗೆ ನಮ್ಮ ಗೈರುಹಾಜರಿ ಪುಣ್ಯದ ಕೆಲಸವಾಗಿ ಕಂಡಿರಲಾರದು. ಹಾಗೆಂದು ಕೇಳಿದವರಿಗೆಲ್ಲ ಕೊಡುತ್ತ ಹೋಗಬೇಕೇ? ಅದೂ ಅಲ್ಲ. ಪ್ರವಾಸಿ ತಾಣದಲ್ಲಿ ನಿಜವಾದ ಸುಲಿಗೆಯೂ ಇದೆ. ಮುನ್ನೂರರ ಸಾಮಾನಿಗೆ ಮೂರು ಸಾವಿರ ಹೇಳುವವನ ಬಳಿ ಚೌಕಾಸಿ ಮಾಡಿದರೆ ಪಾಪವಿಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ಇವರು ಕೇಳುತ್ತಿರುವುದು ನಾನು ನಿಜವಾಗಿ ಬಳಸಿದ, ಆದರೆ ಎಲ್ಲೂ ಲೆಕ್ಕಕ್ಕೆ ಬರದ ಯಾವುದಾದರೂ ಬಾಬ್ತಿಗೋ? ಆ ಮುದುಕರದು ಅಂಥದ್ದಾಗಿತ್ತು. ಒಂದು ಕ್ಷಣ ನಿಂತು ಕೆಳಗೆ ನೋಡಿದ್ದರೆ ಗೊತ್ತಾಗುತ್ತಿತ್ತು.

ತಿಥಿ ಹೇಳದೆ ಬರುವವನು ಅತಿಥಿ ಎನ್ನುತ್ತಾರೆ. ನಮ್ಮದು ತಿಥಿ, ವಾರ, ಚೆಕ್‌ಔಟಿನ ಗಂಟೆ ಎಲ್ಲವೂ ಗೊತ್ತಾದ ಬರವು. ನಾವು ಗಿರಾಕಿಗಳು, ಅದರಲ್ಲಿ ನಾಚಿಕೆಯಿಲ್ಲ. ಆದರೆ ಬಾಲಿಯಲ್ಲಿ ವರ್ಷಕ್ಕೊಂದು ದಿನ ಗಿರಾಕಿಯೂ ಅತಿಥಿಯಾಗಲೇಬೇಕು. ಶಕವರ್ಷದ ಅವರ ಹೊಸ ವರುಷ ನ್ಯೆಪಿ. 2023ರಲ್ಲಿ ಅದೂ ನಮ್ಮ ಯುಗಾದಿಯೂ ಮಾರ್ಚ್ 22ರಂದೇ ಬಂದಿದ್ದವು. ಆ ದಿನ ಬೆಂಕಿ ಇಲ್ಲ, ಕೆಲಸ ಇಲ್ಲ, ಓಡಾಟ ಇಲ್ಲ, ಮೋಜು ಇಲ್ಲ. ವಿಮಾನ ನಿಲ್ದಾಣವೂ ಇಪ್ಪತ್ನಾಲ್ಕು ಗಂಟೆ ಮುಚ್ಚಿರುತ್ತದೆ. ಎಷ್ಟೇ ದುಡ್ಡು ಕೊಟ್ಟಿದ್ದರೂ ಹೋಟೆಲಿನ ಗೇಟು ದಾಟುವಂತಿಲ್ಲ. ಮನೆಯವರ ನಿಯಮ ಬಂದವರಿಗೂ ನಿಯಮ. ಮಿಕ್ಕ ದಿನಗಳಲ್ಲಿ ಅಂಥ ನಿಯಮವನ್ನು ನಾವೇ ಹುಡುಕಿಕೊಳ್ಳಬೇಕು, ಯಾರೂ ಹೇರುವುದಿಲ್ಲ.

ನಾಲ್ಕನೆಯ ದಿನ ಬಿಡುವಿತ್ತು. ತೆಗಲ್ಲಾಲಾಂಗ್‌ಗೆ ಮತ್ತೆ ಹೋಗಿಬರಬಹುದಿತ್ತು. ಅಷ್ಟು ದೂರ ಕಾರಿನಲ್ಲಿ ಯಾರು ಹೋಗುತ್ತಾರೆ ಎಂದುಕೊಂಡು ಕಡಲಲ್ಲಿ ಈಜಿದೆ. ಐದನೆಯ ಬೆಳಗ್ಗೆ ಕೌಂಟರಿನಲ್ಲಿ ಮೂರು ಹಾಳೆಯ ಬಿಲ್ ಕೊಟ್ಟರು. ಲಾಂಡ್ರಿಯವರೆಗೆ ಒಂದೊಂದು ಸಾಲನ್ನೂ ಬೆರಳಿಟ್ಟು ಓದಿ ಸಹಿ ಹಾಕಿದೆ. ಪಕ್ಕದಲ್ಲಿ ನಿಂತಿದ್ದ ಅಪ್ಪಯ್ಯ, "ಲೆಕ್ಕ ಎಲ್ಲ ಸರಿ ಉಂಟಾ?" ಎಂದು ಕೇಳಿದರು.

ಬಿಲ್ಲಿನಲ್ಲಿ ಇದ್ದದ್ದೆಲ್ಲ ಸರಿಯಾಗಿತ್ತು.