ತೋಟ ಸುಟ್ಟವರು ಯಾರು?



ಧರ್ಮದ ಹೆಸರಿನಲ್ಲಿ ಬಂದೂಕು ಹಿಡಿದವರ ಸುದ್ದಿ ಬಂದಾಗಲೆಲ್ಲ ಸಂತೆಯಲ್ಲಿ, ಅಡತಿ ಅಂಗಡಿಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ತಪ್ಪು ಧರ್ಮದ್ದೋ, ಮನುಷ್ಯರದ್ದೋ? ಉತ್ತರಿಸುವ ಮೊದಲು ಅಫ್ಘಾನಿಸ್ತಾನದ ಒಂದು ಸಂಗತಿಯನ್ನು ನೋಡೋಣ.

ಕಾಬೂಲಿನ ಉತ್ತರಕ್ಕೆ ಶೋಮಾಲಿ ಎಂಬ ಬಯಲುಂಟು. ದ್ರಾಕ್ಷಿಗೆ ಹೆಸರಾದ ಸೀಮೆ. 1999ರಲ್ಲಿ ತಾಲಿಬಾನ್ ಪಡೆ ಅಲ್ಲಿಗೆ ನುಗ್ಗಿ ಮನೆಗಳನ್ನು ಸುಟ್ಟಿತು. ದ್ರಾಕ್ಷಿ ಬಳ್ಳಿ, ಹಣ್ಣಿನ ಮರಗಳನ್ನು ನಾಶಮಾಡಿತು. ಸಾವಿರಾರು ಕುಟುಂಬಗಳು ಊರು ಬಿಟ್ಟವು. ಸುಟ್ಟವರೂ ಮುಸ್ಲಿಮರೇ, ನೆಲೆ ಕಳೆದುಕೊಂಡವರೂ ಮುಸ್ಲಿಮರೇ. ಒಂದು ಬಳ್ಳಿ ಫಲಕ್ಕೆ ಬರಲು ಎಷ್ಟು ಬೆವರು ಬೇಕೆಂದು ಜತ್ತ, ಸೊಲ್ಲಾಪುರದ ಕಡೆಯ ರೈತರಿಗೆ ಹೇಳಬೇಕಾಗಿಲ್ಲ.

ಇಸ್ಲಾಮಿನ ಬೋಧನೆ ಇದೇ ಏನು? ಮೊದಲ ಖಲೀಫರಾದ ಅಬೂಬಕರರು ದಂಡನ್ನು ಕಳಿಸುವಾಗ, ಹೆಂಗಸರು, ಮಕ್ಕಳು, ಮುದುಕರನ್ನು ಕೊಲ್ಲಕೂಡದು, ಫಲ ಕೊಡುವ ಮರ ಕಡಿಯಕೂಡದು ಎಂದು ಕಟ್ಟಪ್ಪಣೆ ಮಾಡಿದರೆಂದು ಆ ಪರಂಪರೆಯೇ ಹೇಳುತ್ತದೆ. ಜಿಹಾದ್ ಎಂಬ ಮಾತಿನ ಮೂಲಾರ್ಥ ಪರಿಶ್ರಮ. ಯುದ್ಧವೆಂಬ ಅರ್ಥವೂ ಅದಕ್ಕುಂಟು. ಆದರೆ ಆ ಯುದ್ಧಕ್ಕೂ ಕಟ್ಟಳೆಗಳುಂಟು.

ಹಾಗಾದರೆ ಕಟ್ಟಳೆ ಮುರಿದದ್ದು ಹೇಗೆ? 1979ರ ಡಿಸೆಂಬರಿನಲ್ಲಿ ಸೋವಿಯತ್ ಸೈನ್ಯ ಅಫ್ಘಾನಿಸ್ತಾನಕ್ಕೆ ನುಗ್ಗಿತು. ಅದನ್ನು ಮಣಿಸಲು ಅಮೆರಿಕ, ಸೌದಿ ಅರೇಬಿಯಗಳು ಪಾಕಿಸ್ತಾನದ ಮೂಲಕ ಹಣ, ಆಯುಧ ಹರಿಸಿದವು. ಅಮೆರಿಕ ಸರ್ಕಾರದ ಹಣದಿಂದ ಅಫ್ಘನ್ ಮಕ್ಕಳಿಗಾಗಿ ಸಿದ್ಧವಾದ ಗಣಿತದ ಪುಸ್ತಕಗಳಲ್ಲಿ ಬಂದೂಕು, ಗುಂಡುಗಳನ್ನೆಣಿಸಿ ಲೆಕ್ಕ ಕಲಿಸಲಾಯಿತು! 1989ರಲ್ಲಿ ಸೋವಿಯತ್ ಸೈನ್ಯ ಹಿಂದಿರುಗಿತು. ಆಯುಧ ಕೊಟ್ಟವರೂ ಬೆನ್ನು ತಿರುಗಿಸಿದರು. ಬಂದೂಕುಗಳು ಉಳಿದವು; ಅವುಗಳ ನಡುವೆ ಮಕ್ಕಳು ಬೆಳೆದರು.

ಪರರ ಶ್ರದ್ಧೆಯನ್ನು ತನ್ನ ಕೆಲಸಕ್ಕೆ ಬಳಸಿಕೊಂಡವನು, ಬೆಂಕಿ ಹತ್ತಿದ ಮೇಲೆ ಕೈ ತೊಳೆದುಕೊಳ್ಳಲಾಗದು. ಹಾಗೆಂದು ಬೆಂಕಿಯಿಟ್ಟವನು ಬೇರೆ ದೇಶವನ್ನು ತೋರಿಸಿ ಪಾರಾಗುವಂತೆಯೂ ಇಲ್ಲ; ಕಡ್ಡಿ ಗೀರಿದ ಕೈ ಅವನದೇ. ಧರ್ಮವನ್ನು ಬಲ್ಲವರಿಗೂ ಒಂದು ಹೊಣೆಯುಂಟು: ತಮ್ಮ ಗ್ರಂಥದ ಹೆಸರಿನಲ್ಲಿ ಅನ್ಯಾಯ ನಡೆದಾಗ ಅಲ್ಲವೆಂದು ಗಟ್ಟಿಯಾಗಿ ಹೇಳುವುದು. 2014ರಲ್ಲಿ 100ಕ್ಕೂ ಹೆಚ್ಚು ಮುಸ್ಲಿಂ ವಿದ್ವಾಂಸರು ಐಸಿಸ್ ನಾಯಕ ಬಗ್ದಾದಿಗೆ ಬಹಿರಂಗ ಪತ್ರ ಬರೆದು, ಅವನ ಕೃತ್ಯಗಳು ಧರ್ಮಬಾಹಿರವೆಂದು ಸಾರಿದರು.

ನಮ್ಮ ಹೊಣೆಯೇನು? ಒಬ್ಬನ ಉದ್ರಿಯನ್ನು ಇನ್ನೊಬ್ಬನ ಖಾತೆಗೆ ಬರೆಯುವ ವ್ಯಾಪಾರಿಯನ್ನು ಯಾರೂ ಪ್ರಾಮಾಣಿಕನೆನ್ನರು. ಕಾಬೂಲಿನಲ್ಲಿ ತೋಟ ಸುಟ್ಟವನ ಪಾಪವನ್ನು, ನಮ್ಮೂರ ಸಂತೆಯಲ್ಲಿ ತಕ್ಕಡಿ ಹಿಡಿದು ಕುಳಿತ ಮುಸ್ಲಿಂ ಬಾಂಧವನ ಹೆಸರಿಗೆ ಬರೆಯುವುದೂ ಅಂಥದೇ ಸುಳ್ಳು ಲೆಕ್ಕ. ಪ್ರತಿಯೊಬ್ಬನ ಕೃತ್ಯವನ್ನು ಅವನವನ ಖಾತೆಗೇ ಬರೆಯೋಣ. ನ್ಯಾಯ ಅಲ್ಲಿಂದಲೇ ಆರಂಭ.