ಸ್ಮರಣೆಯ ಓಟವೂ ಸ್ವಶಕ್ತಿಯೂ

ಗತಿಸಿದವರ ಹೆಸರಿನಲ್ಲಿ ಛತ್ರವನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಅನ್ನಸಂತರ್ಪಣೆ ಮಾಡಿಸುವುದು ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಈಚೆಗೆ ಅವರ ಹೆಸರಿನಲ್ಲಿ ಓಟಗಳನ್ನು ಏರ್ಪಡಿಸುವುದೂ ಬಳಕೆಗೆ ಬಂದಿದೆ. ಶನಿವಾರ ಒಂದು ಕಿರಿಯ ಓಟ, ಭಾನುವಾರ ಬೆಳಗ್ಗೆ ಒಂದು ದೀರ್ಘವಾದ ಓಟ, ನಡುವೆ ಮೃತರ ಗುಣಕಥನ, ಹೀಗೆ ಎರಡು ದಿನಗಳು ಸಲ್ಲುತ್ತವೆ. ಇದನ್ನು ಕಂಡು ಹಿರಿಯರು ಕೆಲವರು ಹುಬ್ಬುಗಂಟಿಕ್ಕುವುದುಂಟು: ಶೋಕವೆಲ್ಲಿ, ಸ್ಪರ್ಧೆಯೆಲ್ಲಿ ಎಂದು. ಆ ಆಕ್ಷೇಪವು ನನಗೆ ಅಷ್ಟು ಬಲವಾದುದಾಗಿ ತೋರುವುದಿಲ್ಲ. ಹೋಮರನ ಇಲಿಯಡ್ ಕಾವ್ಯದ 23ನೆಯ ಸರ್ಗದಲ್ಲಿ ಪೆಟ್ರೋಕ್ಲಸನ ಉತ್ತರಕ್ರಿಯೆಯ ಅಂಗವಾಗಿಯೇ ಓಟದ ಪಂದ್ಯ ನಡೆಯುತ್ತದೆ. ಅಲ್ಲಿ ಅಖಿಲೀಸನು, ವಾರ್ಧಕ್ಯದಿಂದ ಯಾವ ಪಂದ್ಯಕ್ಕೂ ಇಳಿಯಲಾರದ ನೆಸ್ಟರನಿಗೂ ಒಂದು ಬಹುಮಾನವನ್ನು ಕೊಟ್ಟನೆಂಬುದು ನನ್ನಂತಹ ಮುದುಕರಿಗೆ ಸಮಾಧಾನದ ಸಂಗತಿಯಷ್ಟೆ.

ನಿಜವಾದ ಪ್ರಶ್ನೆ ಬೇರೆ. ಮೃತನ ಹೆಸರಿನಲ್ಲಿ ಓಡತಕ್ಕವನು ಹೇಗೆ ಸಿದ್ಧನಾಗಬೇಕು? ಆ ಮೃತನು ಓಡಿದಷ್ಟೇ, ಅವನು ಓಡಿದಂತೆಯೇ ಓಡಬೇಕೆ? ಅಥವಾ ತನ್ನ ಸಾಧನೆಯ ಕ್ರಮವನ್ನು ತಾನೇ ಕಂಡುಕೊಳ್ಳಬೇಕೆ? ಪ್ರಿಯನಾದವನ ಹೆಸರನ್ನು ಎದೆಯ ಮೇಲೆ ಬರೆಸಿಕೊಂಡ ತರುಣನಿಗೆ ತನ್ನ ಮೈಯನ್ನು ಕಾಪಾಡಿಕೊಳ್ಳುವುದೇ ಒಂದು ದ್ರೋಹವೆಂದು ತೋರುವುದುಂಟು. ನೋವನ್ನು ಲೆಕ್ಕಿಸದೆ ಓಡಿದರೆ ಭಕ್ತಿ, ಲೆಕ್ಕಿಸಿದರೆ ಹೇಡಿತನ ಎಂದು ಅವನ ಪೂರ್ವಪಕ್ಷ. ಇದು ಸುಲಭವಾಗಿ ತಳ್ಳಿಹಾಕತಕ್ಕ ಮಾತಲ್ಲ. ಏಕೆಂದರೆ ಅದರ ಹಿಂದೆ ನಿಜವಾದ ದುಃಖವಿರುತ್ತದೆ.

ಈ ಬಗೆಯ ಓಟಗಳಲ್ಲಿ ಜಗತ್ಪ್ರಸಿದ್ಧವಾದುದನ್ನೇ ತೆಗೆದುಕೊಳ್ಳೋಣ. ಕೆನಡಾ ದೇಶದ ಟೆರ್ರಿ ಫಾಕ್ಸ್ ಎಂಬ ಯುವಕನಿಗೆ 1977ರಲ್ಲಿ ಎಲುಬಿನ ಕ್ಯಾನ್ಸರ್ ರೋಗದಿಂದ ಬಲಗಾಲು ಹೋಯಿತು. ಅವನು ಆ ರೋಗದ ಸಂಶೋಧನೆಗೆ ಹಣ ಕೂಡಿಸಲೆಂದು 1980ರ ಏಪ್ರಿಲ್ 12ರಂದು ಕೃತಕವಾದ ಕಾಲನ್ನು ಕಟ್ಟಿಕೊಂಡು ಓಡಲಾರಂಭಿಸಿ, 143 ದಿನಗಳಲ್ಲಿ 5,373 ಕಿಲೋಮೀಟರುಗಳನ್ನು ಕ್ರಮಿಸಿದನು. ರೋಗವು ಶ್ವಾಸಕೋಶಕ್ಕೆ ಹಬ್ಬಿದ್ದರಿಂದ ಸೆಪ್ಟೆಂಬರ್ 1ರಂದು ನಿಲ್ಲಿಸಬೇಕಾಯಿತು. 1981ರ ಜೂನ್ 28ರಂದು ತೀರಿಕೊಂಡನು. ಅವನ ಓಟದ ಗತಿ ವಿಲಕ್ಷಣವಾದುದು. ಕೃತಕವಾದ ಕಾಲಿನೊಳಗಣ ಸುರುಳಿ ಮತ್ತೆ ಚಾಚಿಕೊಳ್ಳಲು ಅವಕಾಶ ಬೇಕಾಗಿದ್ದುದರಿಂದ, ಅವನು ಒಳ್ಳೆಯ ಕಾಲಿನ ಮೇಲೆ ಒಂದು ಸಾರಿ ಹೆಚ್ಚಾಗಿ ಕುಪ್ಪಳಿಸಿ ಮುಂದಕ್ಕೆ ಹೋಗುತ್ತಿದ್ದನು. ಯಾವ ಗುರುವೂ ಇದನ್ನು ಅವನಿಗೆ ಪುಸ್ತಕದಿಂದ ಕಲಿಸಿರಲಾರನು. ತನ್ನ ಮೈಯನ್ನೇ ಕೇಳಿ ಅವನು ಕಂಡುಕೊಂಡ ನಡೆ ಅದು. ಅವನು ಸತ್ತ ವರ್ಷವೇ ಮೊದಲಾದ ಸ್ಮಾರಕ ಓಟದಲ್ಲಿ ಗೆದ್ದವರೂ ಇಲ್ಲ, ಸೋತವರೂ ಇಲ್ಲ. ನಡೆಯತಕ್ಕವರು ನಡೆಯಬಹುದು. ದಿನಕ್ಕೊಂದು ಮ್ಯಾರಥಾನ್ ದೂರವನ್ನು ಓಡಿದವನ ಸ್ಮರಣೆಯು ಇತರರಿಂದ ಅಷ್ಟು ದೂರವನ್ನು ಬೇಡಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಎರಡು ಕಾಲುಳ್ಳವನು ಅವನ ಮೇಲಿನ ಅಭಿಮಾನದಿಂದ ಕುಪ್ಪಳಿಸತೊಡಗಿದರೆ ಅದು ಸ್ಮರಣೆಯೇ? ಅಣಕವಲ್ಲವೆ?

ನಮ್ಮ ನಾಡಿನ ಉದಾಹರಣೆಯೂ ಉಂಟು. ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆಯವರು 1920ರಲ್ಲಿ ಆಂಟ್‌ವರ್ಪ್ ನಗರದ ಒಲಿಂಪಿಕ್ ಪಂದ್ಯದಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ತೆಗೆದುಕೊಂಡ ಕಾಲ 2 ಗಂಟೆ 50 ನಿಮಿಷ 45 ಸೆಕೆಂಡು. ಆ ವರ್ಷದ ದಾರಿಯೂ ವಾಡಿಕೆಗಿಂತ ಉದ್ದವಾದುದು, 42.75 ಕಿಲೋಮೀಟರು. ಅದಕ್ಕೆ ಹಿಂದಿನ ವರ್ಷ ಪುಣೆಯ ಡೆಕ್ಕನ್ ಜಿಮಖಾನಾದ ಆಟಗಳನ್ನು ನೋಡಿದ ದೊರಾಬ್ಜಿ ಟಾಟಾ ಅವರು, ಬರಿಗಾಲಿನ ಗ್ರಾಮಸ್ಥರು ಯೂರೋಪಿನ ಓಟಗಾರರ ಕಾಲಕ್ಕೆ ಸಮೀಪವಾಗಿ ಓಡುವುದನ್ನು ಕಂಡು ಬೆರಗಾದರು. ಭಾರತದ ತಂಡ ಹೊರಟದ್ದು ಅಲ್ಲಿಂದಲೇ. ಈಗ ಚೌಗುಲೆಯವರನ್ನು ನೆನೆದು ಓಡುವ ಬೆಳಗಾವಿಯ ಹುಡುಗನು ಬೂಟನ್ನು ಕಳಚಿ ಹಾಕಬೇಕೆಂದು ಯಾರಾದರೂ ಹೇಳಿದರೆ ನಾನೊಪ್ಪೆನು. ಹುಟ್ಟಿದಂದಿನಿಂದ ಹೊಲದ ಬದುವಿನಲ್ಲಿ ನಡೆದು ಗಟ್ಟಿಯಾದ ಪಾದ ಬೇರೆ, ಶಾಲೆಯ ಬೆಂಚಿನ ಕೆಳಗೆ ಮೆತ್ತಗಾದ ಪಾದ ಬೇರೆ.

ಹಾಗಾದರೆ ಗುರುವೇ ಬೇಡವೆ, ವಿಧಿಯೇ ಇಲ್ಲವೆ ಎಂದು ಶಂಕಿಸಬಹುದು. ಹಾಗಲ್ಲ. ವ್ಯಾಕರಣ ಓದಿದವರು ಉತ್ಸರ್ಗ ಮತ್ತು ಅಪವಾದಗಳ ವಿಚಾರವನ್ನು ಬಲ್ಲರು. ಸಾಮಾನ್ಯವಾದ ಸೂತ್ರವು ಎಲ್ಲೆಡೆಯೂ ಸಲ್ಲುತ್ತದೆ. ವಿಶೇಷವಾದ ಸೂತ್ರ ಬಂದೆಡೆಯಲ್ಲಿ ಮಾತ್ರ ಅದು ಹಿಂದಕ್ಕೆ ಸರಿಯುತ್ತದೆ. ಅಪವಾದವಿದೆಯೆಂದು ಉತ್ಸರ್ಗವನ್ನೇ ಓದದೆ ಬಿಟ್ಟವನು ವೈಯಾಕರಣನಾಗಲಾರನು. ಓಟದ ಶಾಸ್ತ್ರದಲ್ಲಿಯೂ ಹೀಗೆಯೇ. ಚೆಕೊಸ್ಲೊವಾಕಿಯಾದ ಎಮಿಲ್ ಜಾಟೊಪೆಕ್ ಎಂಬಾತನು 400 ಮೀಟರುಗಳ ವೇಗದ ಓಟವನ್ನು ಒಂದೇ ದಿನ ಹತ್ತಾರು ಸಾರಿ ಓಡಿ ಅಭ್ಯಾಸ ಮಾಡಿ, 1952ರ ಹೆಲ್ಸಿಂಕಿಯ ಪಂದ್ಯದಲ್ಲಿ ಮೂರು ಚಿನ್ನದ ಪದಕಗಳನ್ನು ಪಡೆದನು. ನ್ಯೂಜಿಲೆಂಡಿನ ಆರ್ಥರ್ ಲಿಡಿಯಾರ್ಡನು ವಾರಕ್ಕೆ ನೂರು ಮೈಲಿಗಳ ನಿಧಾನವಾದ ಓಟವನ್ನೇ ಬುನಾದಿಯೆಂದು ಸಾರಿದನು. ಅವನ ಶಿಷ್ಯರಿಬ್ಬರು 1960ರಲ್ಲಿ ರೋಮಿನಲ್ಲಿ ಗೆದ್ದರು. ಇವರಲ್ಲಿ ಯಾರು ಸರಿ? ಇಬ್ಬರೂ ಸರಿ, ಇಬ್ಬರೂ ಮೊದಲು ತಮ್ಮ ಮೈಮೇಲೆಯೇ ಪರೀಕ್ಷಿಸಿ ನೋಡಿದವರು. ಅವರಿಂದ ನಾವು ಕಡ ತರತಕ್ಕದ್ದು ಆ ಪರೀಕ್ಷೆಯ ಬುದ್ಧಿಯನ್ನು, ಮೈಲಿಗಳ ಲೆಕ್ಕವನ್ನಲ್ಲ.

ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವ್ಯಾಯಾಮದ ಪ್ರಮಾಣವನ್ನು ಹೇಳುವಾಗ ಆಚಾರ್ಯನು ಕೊಟ್ಟ ಅಳತೆಯು ನನಗೆ ಬಹಳ ಮೆಚ್ಚಿಗೆಯಾದುದು. ಯೋಜನಗಳ ಲೆಕ್ಕವಾಗಲಿ ಘಳಿಗೆಗಳ ಲೆಕ್ಕವಾಗಲಿ ಅಲ್ಲಿಲ್ಲ. ತನ್ನ ಬಲದ ಅರ್ಧವನ್ನು ಮಾತ್ರ ವ್ಯಯಿಸಬೇಕೆಂದೂ, ಎದೆಯ ಉಸಿರು ಬಾಯಿಗೆ ಬಂದಾಗ ಅರ್ಧ ಮುಗಿಯಿತೆಂದು ತಿಳಿಯಬೇಕೆಂದೂ ಹೇಳಿ, ವಯಸ್ಸು, ಬಲ, ಶರೀರ, ದೇಶ, ಕಾಲ, ಆಹಾರ ಇವುಗಳನ್ನು ನೋಡಿಕೊಂಡು ಮಾಡಬೇಕೆನ್ನುತ್ತಾನೆ. ಇದು ಪಂದ್ಯದ ದಿನದ ಮಾತಲ್ಲ, ಅಭ್ಯಾಸದ ಮಾತು. ಚಳಿಗಾಲದಲ್ಲಿಯೂ ವಸಂತದಲ್ಲಿಯೂ ಅರ್ಧಬಲ, ಉಳಿದ ಕಾಲದಲ್ಲಿ ಇನ್ನೂ ಕಡಿಮೆ ಎಂದು ವಾಗ್ಭಟನೂ ಸೇರಿಸುತ್ತಾನೆ. ಏಪ್ರಿಲ್ ಮೇ ತಿಂಗಳುಗಳಲ್ಲಿ 40 ಡಿಗ್ರಿಯನ್ನು ಮೀರುವ ನಮ್ಮ ಮುದಗಲ್ಲು, ಲಿಂಗಸುಗೂರುಗಳ ಬಿಸಿಲಿನಲ್ಲಿ ಇದನ್ನು ಮರೆತು ತಂಪು ನಾಡಿನ ಪಟ್ಟಿಯನ್ನು ಗೋಡೆಗಂಟಿಸಿಕೊಂಡರೆ ಗತಿಯೇನು?

ಶ್ರಾದ್ಧದ ವಿಷಯದಲ್ಲಿಯೂ ನಮ್ಮ ಹಿರಿಯರು ಯಥಾಶಕ್ತಿ ಎಂಬ ಪದವನ್ನು ಬಳಸಿದರು. ಆ ಪದವನ್ನು ಸೋಮಾರಿಗಳು ಕೆಡಿಸಿದ್ದಾರೆಂಬುದು ದಿಟ. ಜಿಪುಣನ ದಕ್ಷಿಣೆಯೂ ಯಥಾಶಕ್ತಿಯೇ! ಆದರೆ ಅರ್ಧವನ್ನು ತಿಳಿಯಬೇಕಾದರೆ ಪೂರ್ಣವು ಎಷ್ಟೆಂದು ಬಲ್ಲವನಾಗಬೇಕು. ಅದು ತಿಂಗಳುಗಟ್ಟಲೆ ಎಚ್ಚರದಿಂದ ಓಡಿ, ನಿದ್ರೆ ಹಸಿವುಗಳನ್ನು ಗಮನಿಸಿ, ಯಾವ ದಿನ ಮೊಣಕಾಲು ನೊಂದಿತೆಂಬುದನ್ನು ಬರೆದಿಟ್ಟುಕೊಂಡವನಿಗೆ ಮಾತ್ರ ತಿಳಿಯುವುದು. ಪರರ ಪಟ್ಟಿಯನ್ನು ಕಣ್ಣುಮುಚ್ಚಿ ಪಾಲಿಸುವುದಕ್ಕಿಂತ ಇದು ಹೆಚ್ಚಿನ ಶ್ರಮದ ಕೆಲಸ. ಈ ಶ್ರಮವನ್ನೇ ಮೃತನಿಗೆ ಅರ್ಪಿಸಬಹುದಲ್ಲವೆ? ಎರಡು ದಿನಗಳ ಉತ್ಸವದಲ್ಲಿ ಮೊದಲನೆಯ ದಿನವೇ ಸರ್ವಸ್ವವನ್ನೂ ಸುರಿದು, ಮರುದಿನ ಕುಂಟುತ್ತ ಹಗ್ಗದ ಆಚೆ ನಿಂತವನನ್ನು ಕಂಡರೆ ಮೃತನ ತಾಯಿಗೆ ಏನೆನಿಸೀತು?

ನಮ್ಮಿಂದ ದೂರವಿಲ್ಲದ ಮಸ್ಕಿಯ ಬಂಡೆಯ ಮೇಲೆ, 1915ರಲ್ಲಿ ಬೆಳಕಿಗೆ ಬಂದ ಅಶೋಕನ ಶಾಸನವಿದೆ. ದೊಡ್ಡವರಿಗೆ ಮಾತ್ರವಲ್ಲ, ಸಣ್ಣವನಿಗೂ ಸಾಧನೆ ದೊರಕತಕ್ಕದ್ದೆಂಬ ಭಾವ ಅದರಲ್ಲಿದೆ. ಅದು ಧರ್ಮದ ವಿಷಯವಾಗಿ ಹೇಳಿದ್ದು, ಓಟಕ್ಕಲ್ಲ. ಆದರೂ ಇಂತಹ ಓಟಗಳನ್ನು ಏರ್ಪಡಿಸತಕ್ಕವರು ಒಮ್ಮೆ ಅಲ್ಲಿಗೆ ಹೋಗಿ ಬರುವುದು ಲೇಸು. ಅವರು ಓಟವನ್ನು ಮಾಘಮಾಸದಲ್ಲಿ, ಸೂರ್ಯೋದಯಕ್ಕೆ ಮೊದಲೇ ಆರಂಭಿಸಲಿ, ದಾರಿಯಲ್ಲಿ ನೀರನ್ನಿಡಲಿ, ಗೆದ್ದವನ ಹಾರತುರಾಯಿಯ ಗದ್ದಲದಲ್ಲಿ ಕಟ್ಟಕಡೆಯವನು ಬರುವ ಮೊದಲೇ ಶಾಮಿಯಾನವನ್ನು ಬಿಚ್ಚದಿರಲಿ. ಅವನು ಬಂದ ಮೇಲೆ ಮೃತನ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಲಿ.