ತುಳಿದವರ ಕೈಬರಹ

ನಮ್ಮನ್ನು ತುಳಿದವರು ಬರೆದಿಟ್ಟ ಕಾಗದವನ್ನು ಕಾಪಾಡಬೇಕೆ, ಸುಟ್ಟುಹಾಕಬೇಕೆ? ಸಿಟ್ಟಿನಲ್ಲಿ ಉತ್ತರ ಹೇಳುವುದು ಸುಲಭ. ಆದರೆ ಗೆಳೆಯರೆ, ಕಡ್ಡಿ ಗೀರುವ ಮುಂಚೆ ಆ ಕಾಗದವನ್ನು ಒಮ್ಮೆ ಓದಿ ನೋಡಬೇಕು.

ರಾಜಸ್ಥಾನದ ಥಾರ್ ಮರುಭೂಮಿಯಲ್ಲಿ ಬಿಕಾನೇರ್ ಇದೆ. 1960ರಿಂದ ಆ ರಾಜ್ಯದ ಪತ್ರಾಗಾರ ಇರುವುದು ಅಲ್ಲೇ. ಜೋಧಪುರದ ಅರಸರ ಕಚೇರಿಯ 'ಸನದ್ ಪರವಾನಾ ಬಹಿ'ಗಳನ್ನು ಅಲ್ಲಿ ಕಾಪಾಡಿದ್ದಾರೆ. ಬಹಿ ಅಂದರೆ ನಮ್ಮ ಶಾನುಭೋಗರ ಕಡತದ ಹಾಗೆ, ಕಚೇರಿಯ ದಪ್ಪ ಪುಸ್ತಕ. 1764ರಿಂದ ಶುರುವಾಗುವ ಇವುಗಳಲ್ಲಿ ಮಾರವಾಡದ ಪರಗಣೆಗಳಿಂದ ಬಂದ ದೂರುಗಳಿವೆ, ಅರಮನೆಯ ಅಪ್ಪಣೆಗಳಿವೆ.

ಇವನ್ನು ಬರೆಸಿದ್ದು ನಮ್ಮ ಮೇಲಿನ ಪ್ರೀತಿಗಲ್ಲ. ಕಂದಾಯಕ್ಕೆ, ದಂಡಕ್ಕೆ, ಆಳುವುದಕ್ಕೆ. ಅದಕ್ಕೇ ಕುಂಬಾರ, ಚಮ್ಮಾರ ಅಲ್ಲಿ ಕಾಣಿಸುವುದು ದಂಡ ತೆತ್ತಾಗ, ಬಿಟ್ಟಿ ಚಾಕರಿ ಒಲ್ಲೆ ಅಂದಾಗ, ಜಗಳ ಕಚೇರಿ ಮೆಟ್ಟಿಲು ಹತ್ತಿದಾಗ. ಅವರು ನಕ್ಕ ದಿನ, ಹಾಡಿದ ರಾತ್ರಿ ಅಲ್ಲಿಲ್ಲ.

ಆದರೂ ಬಹಿ ತನಗೇ ಗೊತ್ತಿಲ್ಲದೆ ಸಾಕ್ಷಿ ನುಡಿಯುತ್ತದೆ. 1752ರಿಂದ 1793ರವರೆಗೆ ಆಳಿದ ವಿಜಯಸಿಂಹನ ಕಾಲದ ಅಪ್ಪಣೆಗಳನ್ನು ಇತಿಹಾಸಕಾರ್ತಿ ದಿವ್ಯಾ ಚೆರಿಯನ್ ಓದಿದ್ದಾರೆ. ಕಚೇರಿಯಲ್ಲಿ ಕೈ ಬಲಿತ ವ್ಯಾಪಾರಿಗಳೂ ಬ್ರಾಹ್ಮಣರೂ ಸೇರಿ, 'ಅಛೇಪ್' ಅಂದರೆ ಮುಟ್ಟಬಾರದವರು ಅಂತ ಕೆಲವರನ್ನು ಹೆಸರಿಸಿ ಬೇಲಿ ಬಿಗಿ ಮಾಡಿದ ಬಗೆಯನ್ನು ತೋರಿಸಿದ್ದಾರೆ. ಆ ಬೇಲಿಯಾಚೆ ಮುಸ್ಲಿಮರನ್ನೂ ತಳ್ಳಿದರು. ಅಸ್ಪೃಶ್ಯತೆ ಅನಾದಿ, ದೇವರೇ ಮಾಡಿದ್ದು ಅಂತ ಹೇಳುವವರಿಗೆ ಇದಕ್ಕಿಂತ ಉತ್ತರ ಬೇಕೆ? ಬೇಲಿ ಬಿಗಿದದ್ದು ದೇವರಲ್ಲ, ಕಚೇರಿ. ಅದಕ್ಕೆ ತಾರೀಖಿದೆ. ಮನುಷ್ಯರು ಕಟ್ಟಿದ್ದನ್ನು ಮನುಷ್ಯರೇ ಕೀಳಬಹುದು. ಬಹಿಯನ್ನು ಸುಟ್ಟರೆ ಈ ಸಾಕ್ಷಿಯೂ ಸುಟ್ಟುಹೋಗುತ್ತದೆ.

ಹಾಗಂತ ಕಾಪಾಡಿದ್ದೆಲ್ಲ ನ್ಯಾಯ ಅಲ್ಲ. ಜೋಧಪುರದ ಮೆಹರಾನ್‌ಗಢ ಕೋಟೆಗೆ ರಾವ್ ಜೋಧಾ 1459ರಲ್ಲಿ ಅಡಿಪಾಯ ಹಾಕಿದಾಗ, ದಲಿತನಾದ ರಾಜಾರಾಮ ಮೇಘವಾಲನನ್ನು ಜೀವಂತ ಹೂತರು ಅಂತ ಅಲ್ಲಿಯ ಜನ ಹೇಳುತ್ತಾರೆ. ಕೋಟೆಯಲ್ಲಿ ಅವನ ಹೆಸರಿನ ಕಲ್ಲೂ ಇದೆ. ಅವನೇ ಖುಷಿಯಿಂದ ಜೀವ ಕೊಟ್ಟ ಅನ್ನುವುದು ಕತೆ. ಒಲ್ಲೆ ಅನ್ನುವ ಹಕ್ಕಿಲ್ಲದವನು ಹೂಂ ಅಂದರೆ ಅದು ಒಪ್ಪಿಗೆಯೆ? ಹೆಸರು ಕೆತ್ತಿದ ಕಲ್ಲು ಈ ಪ್ರಶ್ನೆ ಕೇಳುವುದಿಲ್ಲ. ಅದನ್ನು ನಾವೇ ಕೇಳಬೇಕು.

ಕಾಗದಕ್ಕೆ ಬಾರದ್ದನ್ನು ಕೂಡಿಡಲು ಹೊರಟವರೂ ಅದೇ ಸೀಮೆಯಲ್ಲಿದ್ದರು. ಕೋಮಲ್ ಕೊಠಾರಿ, ವಿಜಯದಾನ್ ದೇಥಾ 1960ರಲ್ಲಿ ಬೋರುಂದಾ ಹಳ್ಳಿಯಲ್ಲಿ ರೂಪಾಯನ್ ಸಂಸ್ಥೆ ಕಟ್ಟಿದರು. ಲಂಗಾ, ಮಾಂಗಣಿಯಾರ್ ಹಾಡುಗಾರರ ದನಿಯನ್ನು ಕೊಠಾರಿ ಟೇಪಿನಲ್ಲಿ ಹಿಡಿದರು. ಅವರ ಕನಸಿನ ಅರ್ನಾ ಝರ್ನಾ ಸಂಗ್ರಹಾಲಯದಲ್ಲಿ, ಕತ್ತಿ ಕಿರೀಟಗಳ ಜಾಗದಲ್ಲಿ, ಪೊರಕೆಗಳನ್ನು ಇಟ್ಟಿದ್ದಾರೆ. ಯಾವ ಹುಲ್ಲು, ಕಟ್ಟಿದ ಕೈ ಯಾರದು, ಗುಡಿಸುವವರು ಯಾರು? ಪೊರಕೆಯೂ ಚರಿತ್ರೆಯ ಪುಟ. ಆದರೂ ಒಂದು ಮಾತು ಉಳಿಯುತ್ತದೆ: ಹಾಡಿದವರು ಒಬ್ಬರು, ಯಂತ್ರ ಹಿಡಿದವರು ಇನ್ನೊಬ್ಬರು.

ಹಾಗಾದರೆ ಉತ್ತರ? ಕಾಪಾಡಬೇಕು. ಪೂಜೆಗಲ್ಲ, ಕೊಲೆ ಮೊಕದ್ದಮೆಯಲ್ಲಿ ರಕ್ತದ ಬಟ್ಟೆಯನ್ನು ಕಾಪಾಡುವ ಹಾಗೆ. ಆದರೆ ಬೀಗದ ಕೈ ಯಾರ ಹತ್ತಿರ ಇದೆ, ಆ ಹಳೆಯ ಮಾರವಾಡಿ ಮೋಡಿ ಅಕ್ಷರ ಓದಲು ಯಾರಿಗೆ ಬರುತ್ತದೆ ಅನ್ನುವುದೇ ನಿಜವಾದ ಪ್ರಶ್ನೆ. ದಂಡ ತೆತ್ತವನ ಮೊಮ್ಮಗಳು ಆ ಬಹಿ ಬಿಚ್ಚಿ, ತನ್ನವರ ಹೆಸರಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದುವ ದಿನ ಅದು ಅರಸರ ಪುಸ್ತಕವಾಗಿ ಉಳಿಯುವುದಿಲ್ಲ.